ಯಾರ ಒಪ್ಪಿಗೆ ಕೇಳಿದಿರಿ?

ಜರಗನಹಳ್ಳಿಯಿಂದ ಕನಕಪುರ ರಸ್ತೆ ಹಿಡಿದು ಬನಶಂಕರಿ ಗುಡಿಗೆ ಹೋಗುವ ಹೆಂಗಸರಲ್ಲಿ ಎಷ್ಟೋ ಮಂದಿಯದು ಒಂದೇ ಹರಕೆ: ಮಗಳಿಗೆ ಬೇಗ ಕಂಕಣ ಕೂಡಿಬರಲಿ. ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚುವ ಆ ಕೈಗಳ ಬಗ್ಗೆ ನನಗೆ ಗೌರವವಿದೆ. ಆದರೆ ದೇವಿಯನ್ನು ಕೇಳುವ ಮೊದಲು ಮಗಳನ್ನು ಕೇಳಿದ್ದೇವೆಯೆ?

2025ರ ಜುಲೈ 14ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಓದಿದಾಗ ಈ ಪ್ರಶ್ನೆ ಕಾಡಿತು. ಬೆಂಗಳೂರಿನವರು ಮರೆಯದ ರಿಂಗ್ ರಸ್ತೆ ಕೊಲೆ ಪ್ರಕರಣ ಅದು. 2003ರ ಡಿಸೆಂಬರಿನಲ್ಲಿ, ನಿಶ್ಚಿತಾರ್ಥವಾದ ಕೆಲವೇ ದಿನಗಳಲ್ಲಿ, ಕಾನೂನು ಓದುತ್ತಿದ್ದ ಹುಡುಗಿ ಇತರರೊಡನೆ ಸೇರಿ ತನ್ನ ಭಾವೀ ಪತಿಯನ್ನು ಕೊಲ್ಲಿಸಿದಳೆಂದು ನ್ಯಾಯಾಲಯಗಳು ತೀರ್ಮಾನಿಸಿದವು. ಸುಪ್ರೀಂ ಕೋರ್ಟು ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಆದರೆ ಮನೆಯವರ ಬಲವಂತ ಆಕೆಯ ದನಿಯನ್ನು ಅಡಗಿಸಿತ್ತೆಂದು ಹೇಳಿ, ರಾಜ್ಯಪಾಲರಲ್ಲಿ ಕ್ಷಮೆ ಕೋರಲು ಎಂಟು ವಾರ ಕೊಟ್ಟಿತು.

ಬಲವಂತವಿತ್ತು ಎಂದಮೇಲೆ ಶಿಕ್ಷೆ ಏಕೆ? ಕಾನೂನಿನ ಲೆಕ್ಕ ಬೇರೆ. ಬೆದರಿಕೆಗೆ ಮಣಿದು ಅಪರಾಧ ಮಾಡಿದೆ ಎನ್ನಬೇಕಾದರೆ ಆ ಗಳಿಗೆಯಲ್ಲೇ ಪ್ರಾಣ ಹೋಗುವ ಭಯವಿರಬೇಕು. ಇದ್ದರೂ ಕೊಲೆಗೆ ಮಾಫಿಯಿಲ್ಲ. ಕೆರಳಿ ಕೊಂದೆ ಎನ್ನಬೇಕಾದರೆ ಕೆರಳಿದ್ದು ತೀವ್ರವಾಗಿ, ದಿಢೀರನೆ ಆಗಿರಬೇಕು. ಸಾಮಾನ್ಯವಾಗಿ ಕೆರಳಿಸಿದವನೇ ಸತ್ತಿರಬೇಕು. 1961ರ ನಾನಾವತಿ ಮೊಕದ್ದಮೆಯಲ್ಲಿ, ಹೆಂಡತಿಯ ಮಾತು ಕೇಳಿ ಸುಮಾರು ಮೂರು ಗಂಟೆ ಕಳೆದ ಮೇಲೆ ಗುಂಡು ಹಾರಿಸಿದ ನೌಕಾಧಿಕಾರಿಗೆ ಈ ರಿಯಾಯಿತಿ ಸಿಗಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಇದನ್ನೆಲ್ಲ ಹಾಗೆಯೇ ಉಳಿಸಿಕೊಂಡಿದೆ.

ಇದು ಸರಿ ಎಂದೇ ನನ್ನ ಮತ. ಸತ್ತ ಹುಡುಗ ಯಾರನ್ನೂ ಕೆರಳಿಸಿರಲಿಲ್ಲ. ಅವನಿಗೂ ಒಬ್ಬ ತಾಯಿ. ಒಲ್ಲದ ಮದುವೆಗೆ ಕೊರಳೊಡ್ಡಿದ ನಮ್ಮ ಲಕ್ಷಾಂತರ ಹೆಣ್ಣುಮಕ್ಕಳು ಯಾರ ಮೇಲೂ ಕೈಯೆತ್ತದೆ ಸಂಕಟವನ್ನು ನುಂಗಿಕೊಂಡೇ ಬಾಳಿದ್ದಾರೆ. ತೀರ್ಪಿನ ಬಗ್ಗೆ ನನ್ನ ತಕರಾರು ಇಲ್ಲೇ: ಬಲವಂತವನ್ನು ಕೊಲೆಯ ಕಾರಣವಾಗಿ ಕಂಡಾಗ ಮಾತ್ರ ಅದು ದೊಡ್ಡವರ ಕಿವಿಗೆ ಬೀಳುತ್ತದೆ. ಹೆಣ ಬೀಳದ ಮನೆಯ ಬಲವಂತಕ್ಕೆ ಕಿವಿಗೊಡುವವರು ಯಾರು?

ಅದಕ್ಕೂ ಕಾನೂನಿನಲ್ಲಿ ದಾರಿಯಿದೆ, ನಮಗೆ ತಿಳಿದಿಲ್ಲ ಅಷ್ಟೆ. 1955ರ ಹಿಂದೂ ವಿವಾಹ ಕಾಯಿದೆಯ 12ನೆಯ ಕಲಮಿನಂತೆ, ಬಲವಂತದಿಂದ ಒಪ್ಪಿಗೆ ಪಡೆದ ಮದುವೆಯನ್ನು ರದ್ದು ಮಾಡಿಸಬಹುದು. ಬಲವಂತ ನಿಂತ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಆಮೇಲೆ ಮನಸಾರೆ ಸಂಸಾರ ಮಾಡಿದ್ದರೆ ಆಗದು.

ಕೋರ್ಟಿನವರೆಗೆ ಏಕೆ ಹೋಗಬೇಕು? ಮೌನವೇ ಸಮ್ಮತಿ ಎಂಬ ಹಿರಿಯರ ಮಾತನ್ನು ಬಿಡೋಣ. ಗಂಡಿನ ಕಡೆಯವರಿಗೆ ಉಪ್ಪಿಟ್ಟು ಕೇಸರಿಭಾತು ಮಾಡುವ ಮೊದಲು, ಒಲೆಯ ಮುಂದೆಯೇ ಮಗಳನ್ನು ಒಂದು ಮಾತು ಕೇಳಿ. ಅವಳು ಸುಮ್ಮನಿದ್ದರೆ ಇನ್ನೊಮ್ಮೆ ಕೇಳಿ.