ಕಂಪೈಲ್ ಆಗದ ಪುಸ್ತಕ

ಎಂಬೆಡೆಡ್ ಲಿನಕ್ಸ್ ಕೆಲಸ ಬೇಕು ಅಂದವರಿಗೆ ಹಿರಿಯರು ಮೊದಲು ತೋರಿಸೋದು ‘ಲಿನಕ್ಸ್ ಡಿವೈಸ್ ಡ್ರೈವರ್ಸ್’ ಪುಸ್ತಕವನ್ನು. ಕಾರ್ಬೆಟ್, ರುಬಿನಿ, ಕ್ರೋ-ಹಾರ್ಟ್‌ಮನ್ ಬರೆದ ಇದರ ಮೂರನೇ ಆವೃತ್ತಿ 2005ರದ್ದು. ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಮಾಳಮಡ್ಡಿಯಲ್ಲಿ ಕೂತು, ಕೈಯಲ್ಲಿ ಡಿಗ್ರಿ ಬಿಟ್ಟರೆ ಬೇರೇನೂ ಇಲ್ಲದೆ, ಸಾಲ ಮಾಡಿ ಬೆಂಗಳೂರಿನ ಕೋರ್ಸ್ ಸೇರಲೋ ಬ್ಯಾಡೋ ಅಂತ ಯೋಚಿಸೋ ಹುಡುಗಿಗೆ ಇದರಿಂದ ಏನುಪಯೋಗ?

ಮೊದಲು ಗುಣ. ಇಲ್ಲಿನ ‘ಸ್ಕಲ್’ ಡ್ರೈವರ್‌ಗೆ ಬೋರ್ಡು ಬೇಕಿಲ್ಲ. ಕಂಪ್ಯೂಟರಿನ ಮೆಮೊರಿಯನ್ನೇ ಒಂದು ಸಾಧನ ಅಂತ ಹಿಡಿದು, ನಾವು ಬರೆದ ಅಕ್ಷರ ಕರ್ನಲ್‌ನೊಳಗೆ ಹೆಂಗ ಹೋಗತದ ಅಂತ ತೋರಿಸುತ್ತದೆ. ಇಬ್ಬರು ಒಂದೇ ಹೊತ್ತಿಗೆ ಬರೆಯಲು ಬಂದರೆ ಆಗುವ ಎಡವಟ್ಟಿನ ಅಧ್ಯಾಯ ಇವತ್ತಿಗೂ ಹಳತಾಗಿಲ್ಲ.

ದೋಷವೂ ದೊಡ್ಡದೇ. ಪುಸ್ತಕ ನಿಂತಿರೋದು ಕರ್ನಲ್ 2.6.10ರ ಮೇಲೆ. ಇವತ್ತಿನ ಆರ್ಮ್ ಬೋರ್ಡಿನಲ್ಲಿ ಯಾವ ಚಿಪ್ ಎಲ್ಲಿದೆ ಅಂತ ಕರ್ನಲ್‌ಗೆ ಹೇಳುವ ಡಿವೈಸ್ ಟ್ರೀ ಪಾಠ ಇಲ್ಲಿಲ್ಲ. ಬೋರ್ಡು ಬೂಟ್ ಆಗೋ ಬಗೆಗೆ ಕ್ರಿಸ್ ಸಿಮಂಡ್ಸ್ ಅವರ ‘ಮಾಸ್ಟರಿಂಗ್ ಎಂಬೆಡೆಡ್ ಲಿನಕ್ಸ್ ಪ್ರೋಗ್ರಾಮಿಂಗ್’ ನೋಡಬೇಕು; ಅದರ ಜೊತೆ ಕ್ಯೂಎಮು ಇದ್ದರೆ ಬೋರ್ಡಿನ ಖರ್ಚೂ ತಕ್ಷಣಕ್ಕಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ‘ಸ್ಕಲ್’ ಕೋಡನ್ನು ಇದ್ದಂತೆ ಹಾಕಿದರೆ ಇವತ್ತಿನ ಕರ್ನಲ್ ಮೇಲೆ ಕಂಪೈಲೇ ಆಗೋದಿಲ್ಲ.

ನನ್ನ ಪ್ರಕಾರ ಈ ಪುಸ್ತಕದ ನಿಜವಾದ ಲಾಭ ಇಲ್ಲೇ ಶುರು. ಯಾಕಂದ್ರ ಹಳೆ ಡ್ರೈವರನ್ನು ಹೊಸ ಕರ್ನಲ್‌ಗೆ ಹೊಂದಿಸೋದು ಈ ಕಸುಬಿನ ದಿನನಿತ್ಯದ ಕೆಲಸ. ಒಂದು ಉದಾಹರಣೆ. ಹಳೆಯ ‘ಐಆಕ್ಟಲ್’ ಕೊಂಡಿಯನ್ನು 2.6.36ರಲ್ಲಿ ತೆಗೆದುಹಾಕಿದರು, ಉಳಿದದ್ದು ‘ಅನ್‌ಲಾಕ್ಡ್ ಐಆಕ್ಟಲ್’. ಹೆಸರು, ಆರ್ಗ್ಯುಮೆಂಟು, ರಿಟರ್ನ್ ಟೈಪ್ ಬದಲಿಸಿದರೆ ಆ ಎರರ್ ಹೋಗುತ್ತದೆ. ಆದರೆ ಮೊದಲು ಕರ್ನಲ್ಲೇ ಒಂದು ದೊಡ್ಡ ಬೀಗ ಹಾಕಿ ಈ ಫಂಕ್ಷನ್ನನ್ನು ಕರೆಯುತ್ತಿತ್ತು. ಈಗ ಬೀಗ ಯಾರ ಕೈಯಾಗದ? ಡ್ರೈವರ್ ಬರೆದವರೇ ನೋಡಿಕೋಬೇಕು. ಇಷ್ಟು ಯೋಚಿಸಿದವರು ಆ ಅಧ್ಯಾಯವನ್ನು ನಿಜಕ್ಕೂ ಓದಿದಂತೆ.

ಏನು ಮುರಿಯಿತು, ಯಾಕೆ, ಹೆಂಗ ಸರಿಮಾಡಿದೆ ಅನ್ನೋದನ್ನ ಒಂದೊಂದೇ ಗಿಟ್ ಕಮಿಟ್‌ನಲ್ಲಿ ಬರೆದಿಡಿ. ಬೇರೆಯವರು ರಿಪೇರಿ ಮಾಡಿಟ್ಟ ‘ಸ್ಕಲ್’ ನೆಟ್ಟಿನಲ್ಲಿ ಸಿಗುತ್ತದೆ, ಖರೆ. ಅದನ್ನೇ ಕ್ಲೋನ್ ಮಾಡಿ ರೆಸ್ಯೂಮೆಗೆ ಅಂಟಿಸಿದರೆ, ಬೀಗದ ಪ್ರಶ್ನೆ ಬಂದ ಕೂಡಲೇ ಬಾಯಿ ಕಟ್ಟುತ್ತದೆ. ‘ಎರಡು ವರ್ಷ ಅನುಭವ’ ಅನ್ನೋ ಎಚ್‌ಆರ್ ಜರಡಿಯನ್ನು ಈ ಕಮಿಟ್‌ಗಳು ಪ್ರತಿಸಲ ದಾಟಿಸಲಿಕ್ಕಿಲ್ಲ. ಆದರೆ ಜರಡಿಯಾಚೆ ಕೂತ ಎಂಜಿನಿಯರಿಗೆ ತೋರಿಸಲು ನಿಮ್ಮ ಹತ್ತಿರ ನಿಮ್ಮದೇ ಕೆಲಸ ಇರುತ್ತದೆ.

ಹೊಸ ಆವೃತ್ತಿಗಾಗಿ ಕಾಯಬ್ಯಾಡ್ರಿ. ಕೋರ್ಸಿಗೆ ಸಾಲ ಮಾಡುವ ಮೊದಲು ಮೂರು ತಿಂಗಳು ಈ ಹಳೆ ಪುಸ್ತಕಕ್ಕೆ ಕೊಡಿ.