ಪತ್ರಿಕೆಗಳಲ್ಲಿ ಪ್ರವಾದಿಗಳು: ಉಲ್ಲೇಖ, ಅರ್ಥಾಂತರ ಮತ್ತು ಕನ್ನಡ ಅನುವಾದ

ಕನ್ನಡ ಬೈಬಲ್ ಅನುವಾದವನ್ನು ಗದ್ಯದ ಬೆಳವಣಿಗೆ ಹಾಗೂ ಮುದ್ರಣದ ಚರಿತ್ರೆಯ ಅಂಗವಾಗಿ ಪರಿಶೀಲಿಸುವುದು ವಾಡಿಕೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕೈಗೊಂಡ ಈ ಕಾರ್ಯದಲ್ಲಿ ಅಷ್ಟಾಗಿ ಚರ್ಚೆಗೆ ಬಾರದ ತೊಡಕೊಂದಿದೆ. ಹಳೆಯ ಒಡಂಬಡಿಕೆಯ ಮೂಲಭಾಷೆ ಬಹುಮಟ್ಟಿಗೆ ಇಬ್ರಿಯ. ಹೊಸ ಒಡಂಬಡಿಕೆಯದು ಗ್ರೀಕ್. ಹೊಸ ಒಡಂಬಡಿಕೆಯ ಪತ್ರಿಕೆಗಳು ಪ್ರವಾದಿಗಳನ್ನು ಉದ್ಧರಿಸುವಾಗ ಅನೇಕ ವೇಳೆ ಸೆಪ್ಟುವಜಿಂಟ್ ಎಂಬ ಪ್ರಾಚೀನ ಗ್ರೀಕ್ ಅನುವಾದವನ್ನು ಅವಲಂಬಿಸುತ್ತವೆ. ಹೀಗಾಗಿ ಒಂದೇ ಸಂಪುಟದಲ್ಲಿ ಒಂದೇ ಮಾತು ಎರಡು ರೂಪ ತಾಳುತ್ತದೆ. ಅನುವಾದಕನು ಇವನ್ನು ಸರಿಹೊಂದಿಸಬೇಕೆ, ಭಿನ್ನವಾಗಿಯೇ ಉಳಿಸಬೇಕೆ?

ಹಬಕ್ಕೂಕನ ಎರಡನೆಯ ಅಧ್ಯಾಯದ ನಾಲ್ಕನೆಯ ವಚನ ಇದಕ್ಕೆ ಉತ್ತಮ ನಿದರ್ಶನ. ಕಸ್ದೀಯರ ದಾಳಿಯ ಭೀತಿಯಲ್ಲಿ ನೀತಿವಂತನು ತನ್ನ ಸ್ಥಿರತೆಯಿಂದ ಬಾಳುವನೆಂಬುದು ಇಬ್ರಿಯ ಪಾಠದ ತಾತ್ಪರ್ಯ. ಅಲ್ಲಿಯ 'ಎಮುನಾ' ಎಂಬ ಪದಕ್ಕೆ ನಿಷ್ಠೆ, ನಂಬಿಕೆ ಎರಡೂ ಸಲ್ಲುತ್ತವೆ. ಸೆಪ್ಟುವಜಿಂಟಿನ ಕೆಲವು ಪ್ರಮುಖ ಹಸ್ತಪ್ರತಿಗಳಲ್ಲಿ ಆ ನಿಷ್ಠೆ ದೇವರದಾಗುತ್ತದೆ. ರೋಮಾಪುರದವರಿಗೂ ಗಲಾತ್ಯದವರಿಗೂ ಬರೆಯುವಾಗ ಪೌಲನು ಸರ್ವನಾಮವನ್ನೇ ಕೈಬಿಟ್ಟು, ಆ ವಚನವನ್ನು ಅನ್ಯಜನರ ಸೇರ್ಪಡೆಯ ವಾದಕ್ಕೆ ಆಧಾರವಾಗಿಸುತ್ತಾನೆ. ಇಬ್ರಿಯರಿಗೆ ಬರೆದ ಪತ್ರಿಕೆಯ ಅಜ್ಞಾತ ಕರ್ತೃ ಅದರಿಂದಲೇ ಹಿಂಸೆಗೊಳಗಾದವರಿಗೆ ತಾಳ್ಮೆ ಬೋಧಿಸುತ್ತಾನೆ. ಈ ವಿಧಾನ ಕ್ರೈಸ್ತರಿಗೆ ಮಾತ್ರ ಮೀಸಲಾಗಿರಲಿಲ್ಲ. 1947ರಲ್ಲಿ ಕುಮ್ರಾನಿನಲ್ಲಿ ದೊರೆತ ಹಬಕ್ಕೂಕ ಭಾಷ್ಯವೂ ಅದೇ ವಚನವನ್ನು ತನ್ನ ಪಂಥದ ಗುರುವಿನ ಮೇಲಿನ ನಿಷ್ಠೆಗೆ ಅನ್ವಯಿಸುತ್ತದೆ.

ಹೋಶೇಯನ ಪ್ರಸಂಗ ಇನ್ನೂ ಸೂಕ್ಷ್ಮ. ತನ್ನ ಜನವಲ್ಲವೆಂದು ದೇವರು ತಳ್ಳಿ ಮತ್ತೆ ಸ್ವೀಕರಿಸುವುದು ಅಲ್ಲಿ ಇಸ್ರಾಯೇಲನ್ನು ಕುರಿತದ್ದು. ರೋಮಾಪುರದ ಪತ್ರಿಕೆಯ ಒಂಬತ್ತನೆಯ ಅಧ್ಯಾಯದಲ್ಲಿ ಅದು ಅನ್ಯಜನರನ್ನೂ ಒಳಗೊಳ್ಳುತ್ತದೆ. ಕನ್ನಡ ಓದುಗರಿಗೆ ಇಂತಹ ಅರ್ಥಾಂತರ ಅಪರಿಚಿತವಲ್ಲ. ಶೂನ್ಯಸಂಪಾದನೆಗಳಲ್ಲಿ ಹನ್ನೆರಡನೆಯ ಶತಮಾನದ ವಚನಗಳು ಸಂವಾದದ ಚೌಕಟ್ಟಿನೊಳಗೆ ಸೇರಿ ಹೊಸ ಧ್ವನಿ ಪಡೆಯುತ್ತವೆ. ಆದರೆ ಸಂಪಾದನಕಾರನ ಸಂದರ್ಭವೇ ವಚನದ ಮೂಲ ಸಂದರ್ಭವೆಂದು ವಿಮರ್ಶಕನು ಭಾವಿಸಲಾರ.

ಇದೇ ವಿವೇಕ ಇಲ್ಲಿಯೂ ಅಗತ್ಯ. ಪ್ರವಾದಿಗಳನ್ನು ಪತ್ರಿಕೆಗಳ ಪೀಠಿಕೆಯಾಗಿ ಮಾತ್ರ ಓದಿದರೆ ಯೆಹೂದ್ಯರ ಧರ್ಮಗ್ರಂಥಕ್ಕೆ ಅದರದೇ ಬಾಳಿಲ್ಲದಂತಾಗುತ್ತದೆ. ಸ್ವತಃ ಪೌಲನೇ ಹನ್ನೊಂದನೆಯ ಅಧ್ಯಾಯದಲ್ಲಿ ದೇವರು ತನ್ನ ಜನರನ್ನು ತ್ಯಜಿಸಿಲ್ಲವೆಂದು ವಾದಿಸುತ್ತಾನೆ. ಆದುದರಿಂದ ಎರಡು ಪಾಠಗಳ ಭೇದವನ್ನು ಕನ್ನಡ ಅನುವಾದ ಉಳಿಸಿಕೊಳ್ಳಬೇಕು. ಅದು ಅನುವಾದದ ದೋಷವಲ್ಲ. ಒಂದು ಮಾತು ಭಾಷೆಯಿಂದ ಭಾಷೆಗೆ, ಸಮುದಾಯದಿಂದ ಸಮುದಾಯಕ್ಕೆ ಸಾಗಿಬಂದುದರ ಸಾಕ್ಷ್ಯ.