ಅರ್ಧ ಊರಿನ ಲೆಕ್ಕ: ‘ಆಧಾ ಗಾಂವ್’ ಓದಿದ ಮೇಲೆ

ಪುಣೆಯ ನಮ್ಮ ಆಫೀಸಿನಲ್ಲಿ ಗಾಜಿಪುರ ಕಡೆಯ ಹುಡುಗನೊಬ್ಬ ಇದ್ದಾನೆ. ಒಂದು ದಿನ ಊಟದ ಹೊತ್ತಿನಲ್ಲಿ ಕೊಪ್ಪಳ ಸೀಮೆಯ ನಮ್ಮೂರ ಮೊಹರಂ ಬಗ್ಗೆ ಹೇಳುತ್ತಿದ್ದೆ. ಅಲಾಯಿ ಕುಣಿ ತೋಡುವುದು, ನಾವು ಹುಡುಗರು ಹೆಜ್ಜೆ ಹಾಕುತ್ತಿದ್ದದ್ದು, ಅವ್ವ ದೇವರಿಗೆ ಸಕ್ಕರೆ ಓದಿಸಿಕೊಂಡು ಬರುತ್ತಿದ್ದದ್ದು. ಅವನು ನಕ್ಕು, “ಸರ್, ನೀವು ‘ಆಧಾ ಗಾಂವ್’ ಓದಬೇಕು” ಎಂದ. ನನ್ನ ಹಿಂದಿ ದೂರದರ್ಶನದಲ್ಲಿ ಕಲಿತದ್ದು. ಭೋಜಪುರಿ ಬೆರೆತ ಉರ್ದು ಮಾತುಗಳ ಈ ಕಾದಂಬರಿ ಮುಗಿಸಲು ಮೂರು ತಿಂಗಳು ಹಿಡಿಯಿತು. ಅವನನ್ನು ಎಷ್ಟು ಸಲ ಕಾಡಿದೆನೋ ಲೆಕ್ಕವಿಲ್ಲ.

ರಾಹಿ ಮಾಸೂಮ್ ರಜಾ ಅವರ ಈ ಕಾದಂಬರಿ ಬಂದದ್ದು 1966ರಲ್ಲಿ. ಇದರ ಊರು ಗಂಗೌಲಿ ಕಲ್ಪನೆಯದಲ್ಲ. ಉತ್ತರ ಪ್ರದೇಶದ ಗಾಜಿಪುರ ಜಿಲ್ಲೆಯಲ್ಲಿದೆ, 1927ರಲ್ಲಿ ರಾಹಿ ಹುಟ್ಟಿದ ಊರು. ಜಮೀನ್ದಾರರಾದ ಶಿಯಾ ಸಯ್ಯದರು ಅಲ್ಲಿ ಉತ್ತರ ಪಟ್ಟಿ, ದಕ್ಷಿಣ ಪಟ್ಟಿ ಎಂದು ಎರಡು ಭಾಗವಾಗಿ, ಮೊಹರಂನಲ್ಲಿ ಯಾರ ಮಜಲಿಸಿನಲ್ಲಿ ಹೆಚ್ಚು ಅಳು ಬಂತು ಎನ್ನುವುದರಲ್ಲೂ ಪೈಪೋಟಿ ನಡೆಸುವವರು. ಅವರ ಸುತ್ತ ನೇಕಾರರು, ಅಹೀರರು, ಚಮಾರರು. ರಾಹಿ ತಮ್ಮ ಅರ್ಧ ಊರನ್ನು, ಅಂದರೆ ಸಯ್ಯದರ ಓಣಿಗಳನ್ನು ಒಳಗಿನಿಂದ ಬರೆಯುತ್ತಾರೆ. ಹೆಸರಿನಲ್ಲೇ ಅದನ್ನು ಒಪ್ಪಿಕೊಂಡಿದ್ದಾರೆ.

ಓದುಗರಿಗೆ ಒಂದು ಎಚ್ಚರಿಕೆ: ಮೊದಲ ನೂರು ಪುಟ ಕಷ್ಟ. ಪಾತ್ರಗಳು ಜಾತ್ರೆಯಂತೆ ನುಗ್ಗುತ್ತವೆ. ಯಾರು ಯಾರ ದಾಯಾದಿ, ಯಾರು ಯಾರ ಇಟ್ಟುಕೊಂಡವಳ ಮಗ ಎಂದು ನಾನೊಂದು ಎಕ್ಸೆಲ್ ಹಾಳೆಯನ್ನೇ ಮಾಡಿಕೊಂಡೆ. ಬೈಗುಳಗಳೂ ಧಾರಾಳ. ಜೋಧಪುರ ವಿಶ್ವವಿದ್ಯಾಲಯದಲ್ಲಿ ಪಠ್ಯವಾಗಿದ್ದ ಈ ಪುಸ್ತಕವನ್ನು ಅಶ್ಲೀಲವೆಂಬ ಗದ್ದಲ ಎದ್ದು ತೆಗೆದುಹಾಕಲಾಯಿತು. ಆದರೆ ಆ ಬೈಗುಳಗಳನ್ನು ತೆಗೆದರೆ ಊರಿನ ಉಸಿರೇ ಹೋಗುತ್ತದೆ. ನಮ್ಮ ಕಡೆ ಹೊಲದಲ್ಲಿ ಎತ್ತಿಗೆ ಬೈಯುವುದನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಕಾದಂಬರಿ ಬಹಳ ದೂರ ಸಾಗಿದ ಮೇಲೆ ರಾಹಿ ಕಥೆ ನಿಲ್ಲಿಸಿ ‘ಭೂಮಿಕಾ’ ಬರೆಯುತ್ತಾರೆ. ಮುನ್ನುಡಿ ನಡುವೆ ಬರುವುದು ಚಮತ್ಕಾರಕ್ಕಲ್ಲ. ದೇಶ ಒಡೆದ ಮೇಲೆ ‘ನೀನು ಯಾವ ಊರಿನವನು’ ಎಂಬ ಪ್ರಶ್ನೆಗೆ ಹೊಸದಾಗಿ ಉತ್ತರ ಕೊಡಬೇಕಾಗಿ ಬಂದವನ ಅನಿವಾರ್ಯ ಅದು. ತಾನು ಗಂಗೌಲಿಯವನು ಎಂದು ಅವರು ಅಲ್ಲಿ ನೇರವಾಗಿ ಹೇಳುತ್ತಾರೆ. ಇದು ಆ ಊರಿನಲ್ಲಿ ಹಾದುಹೋದ ಕಾಲದ ಕಥೆ ಎನ್ನುತ್ತಾರೆ. ಅಲ್ಲಿಗೆ ಬಂದಾಗ ನನಗೆ ಥಟ್ಟನೆ ಹೊಳೆಯಿತು: ಬಿ.ಆರ್. ಚೋಪ್ರಾರ ‘ಮಹಾಭಾರತ’ ಧಾರಾವಾಹಿಗೆ ಸಂಭಾಷಣೆ ಬರೆದವರು ಇದೇ ರಾಹಿ. ಭಾನುವಾರ ಬೆಳಿಗ್ಗೆ ನಾವೆಲ್ಲ ಕೇಳಿದ ಆ ಕಾಲಪುರುಷನ ದನಿ ಗಂಗೌಲಿಯಲ್ಲೇ ಮೊದಲು ಮಾತು ಕಲಿತಿತ್ತು.

ಇದನ್ನು ಸಾಮಾನ್ಯವಾಗಿ ದೇಶ ವಿಭಜನೆಯ ಕಾದಂಬರಿ ಎನ್ನುತ್ತಾರೆ. ಅದಕ್ಕೆ ಕಾರಣವಿದೆ. ಅಲೀಗಢದಿಂದ ಬಂದ ವಿದ್ಯಾರ್ಥಿಗಳು ಪಾಕಿಸ್ತಾನಕ್ಕಾಗಿ ಮತ ಕೇಳಿದಾಗ, ಗಂಗೌಲಿ ಎಲ್ಲಿರುತ್ತದೆ ಎಂಬ ಊರವರ ಸರಳ ಪ್ರಶ್ನೆಗೆ ಅವರ ಬಳಿ ಉತ್ತರವಿಲ್ಲ. ಇನ್ನೊಂದು ಪ್ರಸಂಗವಂತೂ ನನ್ನನ್ನು ಬಿಟ್ಟಿಲ್ಲ. 1942ರಲ್ಲಿ ಕಾಸಿಮಾಬಾದ್ ಪೊಲೀಸ್ ಠಾಣೆಯ ಮೇಲಿನ ದಾಳಿಯಲ್ಲಿ ಫುನ್ನನ್ ಮಿಯಾನ ಮಗ ಮುಮ್ತಾಜ್ ಸಾಯುತ್ತಾನೆ. ಸ್ವಾತಂತ್ರ್ಯ ಬಂದ ಮೇಲೆ ಅಲ್ಲೇ ಹುತಾತ್ಮರ ನೆನಪಿನ ಸಭೆ. ಭಾಷಣದಲ್ಲಿ ಉಳಿದವರ ಹೆಸರು ಬರುತ್ತವೆ, ಮುಮ್ತಾಜನದು ಬರುವುದಿಲ್ಲ. ಮುದುಕ ಎದ್ದು ತನ್ನ ಮಗನೂ ಇಲ್ಲೇ ಸತ್ತನಲ್ಲ ಎಂದು ಕೇಳುತ್ತಾನೆ. ರಾಹಿ ಅಲ್ಲಿ ಒಂದು ಹನಿ ಕಣ್ಣೀರನ್ನೂ ಹಾಕಿಸುವುದಿಲ್ಲ.

ಆದರೂ ನನ್ನ ಓದಿನಲ್ಲಿ ಗಂಗೌಲಿ ನಿಜಕ್ಕೂ ಮುರಿಯುವುದು 1947ರಲ್ಲಿ ಅಲ್ಲ, ಜಮೀನ್ದಾರಿ ಹೋದಾಗ. ಮಕ್ಕಳು ಕರಾಚಿಗೆ ಹೋದರೂ ಹಿರಿಯರು ಮೊಹರಂ ನಡೆಸುತ್ತಾರೆ. ಉತ್ತರ ಪ್ರದೇಶದ 1950ರ ಜಮೀನ್ದಾರಿ ನಿರ್ಮೂಲನ ಕಾಯ್ದೆಯ ನಂತರ ಮಾತ್ರ ನೆಲವೇ ಕಾಲಡಿಯಿಂದ ಜಾರುತ್ತದೆ. ಸಯ್ಯದ ಮನೆತನದವರು ಚಪ್ಪಲಿ ಅಂಗಡಿ ಇಡುತ್ತಾರೆ. ಚಮಾರ ಪರುಸರಾಮ್ ಶಾಸಕನಾಗುತ್ತಾನೆ, ಹಳೆಯ ಧಣಿಗಳು ಅವನ ಮುಂದೆ ನಿಲ್ಲಬೇಕಾಗುತ್ತದೆ. ಈ ಪುಟಗಳಲ್ಲಿ ರಾಹಿ ತಮ್ಮವರನ್ನು ನೋಡಿ ನಗುತ್ತಾರೆ. ಆ ನಗುವಿನಲ್ಲಿ ಸಂಕಟವಿದೆ, ಸಮರ್ಥನೆ ಇಲ್ಲ.

ನನ್ನ ತಕರಾರು ಇರುವುದೂ ಇಲ್ಲಿಯೇ. ಸಯ್ಯದರ ಮನೆಗಳಲ್ಲಿ ‘ಇಟ್ಟುಕೊಂಡ’ ಕೆಳಜಾತಿಯ ಹೆಂಗಸರಿದ್ದಾರೆ. ಒಬ್ಬಳ ಹೆಸರು ಝಂಗಟಿಯಾ-ಬೋ, ಅಂದರೆ ಝಂಗಟಿಯಾನ ಹೆಂಡತಿ. ಅವಳಿಗೆ ಸ್ವಂತ ಹೆಸರೇ ಇಲ್ಲ. ಸಯ್ಯದರು ಅವರನ್ನು ನಡೆಸಿಕೊಂಡ ರೀತಿಯನ್ನು ರಾಹಿ ಮುಚ್ಚಿಡುವುದಿಲ್ಲ. ಆದರೆ ಆ ಹೆಂಗಸರ ಮನಸ್ಸಿನೊಳಕ್ಕೆ ಸಯ್ಯದ ಹೆಂಗಸರ ಮನಸ್ಸಿಗೆ ಇಳಿದಷ್ಟು ಇಳಿಯುವುದೂ ಇಲ್ಲ. ಅರ್ಧವೇ ಬರೆಯುತ್ತೇನೆ ಎಂದವರನ್ನು ಇನ್ನರ್ಧಕ್ಕಾಗಿ ದೂರಬಹುದೇ? ದೂರಬಹುದು ಎಂದೇ ನನಗನಿಸುತ್ತದೆ, ಏಕೆಂದರೆ ಆ ಹೆಂಗಸರು ಇನ್ನರ್ಧದವರಲ್ಲ. ಈ ಅರ್ಧದ ಹಿತ್ತಲಲ್ಲೇ ಇದ್ದವರು. ಬೋಳುವಾರು ಮಹಮದ್ ಕುಂಞಿಯವರ ಮುತ್ತುಪ್ಪಾಡಿಯನ್ನು ಓದಿದವರು ಇವೆರಡನ್ನೂ ಜೊತೆಗಿಟ್ಟು ನೋಡಬೇಕು.

ಈ ತಕರಾರು ಬರೆದಿಟ್ಟು ಎರಡು ದಿನ ಸುಮ್ಮನಿದ್ದೆ. ನಮ್ಮ ಮನೆಯಲ್ಲೂ ಒಂದು ಕಥೆ ಇದೆ. 1974ರ ಭೂಸುಧಾರಣೆಯಲ್ಲಿ ಅಜ್ಜನ ಎಂಟು ಎಕರೆ ‘ಹೋಯಿತು’. ಅದನ್ನು ಹೇಳುವಾಗೆಲ್ಲ ಮನೆಯಲ್ಲಿ ಯಾರೋ ತೀರಿಕೊಂಡ ದನಿ. ನಾನು ಎಂ.ಟೆಕ್ ಮುಗಿಸಿ, ಮೂರು ನಗರ ಸುತ್ತಿ, ನಲವತ್ತು ದಾಟಿದರೂ ಆ ಎಂಟು ಎಕರೆ ಯಾರಿಗೆ ‘ಬಂತು’ ಎಂದು ಒಮ್ಮೆಯೂ ಕೇಳಿರಲಿಲ್ಲ. ಅಲಾಯಿ ಕುಣಿಯ ಸುತ್ತ ಆ ಮನೆಯ ಹುಡುಗರೂ ನಮ್ಮ ಜೊತೆ ಕುಣಿದಿರಬೇಕು.

ಕಳೆದ ಭಾನುವಾರ ಅಪ್ಪನಿಗೆ ಫೋನ್ ಮಾಡಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಈಗ್ಯಾಕ ಬೇಕು ಅದು?” ಎಂದರು. ಪುಸ್ತಕವೊಂದನ್ನು ಓದಿದೆ ಎಂದೆ. ಆಮೇಲೆ ಒಂದು ಮನೆತನದ ಹೆಸರು ಹೇಳಿದರು. ಮುಂದಿನ ಮೊಹರಂಗೆ ಊರಿಗೆ ಹೋಗುವವನಿದ್ದೇನೆ. ಅವರ ಬಾಗಿಲು ತಟ್ಟುವ ಧೈರ್ಯ ಬಂದೀತೇ, ನೋಡಬೇಕು.

ಹಿಂದಿ ಬಲ್ಲವರು ಮೂಲವನ್ನೇ ಓದಿ. ಆಗದಿದ್ದರೆ ಗಿಲಿಯನ್ ರೈಟ್ ಅವರ ಇಂಗ್ಲಿಷ್ ಅನುವಾದವಿದೆ. ಆದರೆ ಆ ಭಾಷೆಯನ್ನು ಆಡುವವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದುವ ಸುಖವೇ ಬೇರೆ. ನಮ್ಮಂಥ ನಗರಗಳಲ್ಲಿ ಅಂಥವರು ಪಕ್ಕದ ಮೇಜಿನಲ್ಲೇ ಇರುತ್ತಾರೆ.